ಕಾಯಿಲೆ ಬೀಳದ ಕೂಸುಗಳು

ಎಂಟು-ಹತ್ತು ತಿಂಗಳ ಕೂಸಿಗೆ ಒಮ್ಮೆಲೇ ವಾಂತಿ ಶುರುವಾಗಿ, ಅದರ ಹಿಂದೆಯೇ ನೀರಿನಂತೆ ಭೇದಿಯಾದರೆ ಗದಗ ಜಿಲ್ಲೆಯ ಜಕ್ಕಲಿಯ ಕಡೆಯ ಅಜ್ಜಿಯರು ಬಹಳ ಗಾಬರಿಯಾಗುವುದಿಲ್ಲ. ‘ಹಲ್ಲು ಬರಾಕತ್ತಾವು, ಅದಕ್ಕ ಹೊಟ್ಟಿ ಕೆಟ್ಟೈತಿ’ ಎನ್ನುತ್ತಾರೆ. ರೋಣ ತಾಲೂಕಿನ ಮಾತಷ್ಟೇ ಅಲ್ಲ, ಉತ್ತರ ಕರ್ನಾಟಕದ ತುಂಬ ಹೀಗೇ ಹೇಳುತ್ತಾರೆ. ಹಲ್ಲು ಹುಟ್ಟುವುದರಿಂದ ಭೇದಿಯಾಗುವುದಿಲ್ಲ ಎಂದು ವೈದ್ಯರು ತಿದ್ದುತ್ತಲೇ ಇರುತ್ತಾರೆ. ಆದರೂ ಅಜ್ಜಿಯ ಲೆಕ್ಕದಲ್ಲಿ ಒಂದು ಅಂಶ ನೂರಕ್ಕೆ ನೂರು ಸರಿ: ವಯಸ್ಸು. ಆರು ತಿಂಗಳಿಂದ ಎರಡು ವರ್ಷದವರೆಗಿನ ಅವಧಿಯಲ್ಲೇ ಈ ಬಗೆಯ ಭೇದಿ ಮಕ್ಕಳನ್ನು ಹಿಡಿಯುತ್ತದೆ. ತಾಯಿಯಿಂದ ಬಂದ ರಕ್ಷಣೆ ಕರಗುವ ಹೊತ್ತು, ಅಂಬೆಗಾಲಿಟ್ಟು ನೆಲದ ಮೇಲಿನದನ್ನೆಲ್ಲ ಬಾಯಿಗೆ ಒಯ್ಯುವ ಹೊತ್ತು, ಹಲ್ಲು ಮೂಡುವ ಹೊತ್ತು ಮೂರೂ ಒಂದೇ. ಅಜ್ಜಿ ಕಾಲವನ್ನು ಸರಿಯಾಗಿಯೇ ಗುರುತಿಸಿದ್ದಳು. ಕಳ್ಳ ಮಾತ್ರ ಬೇರೆಯವನಾಗಿದ್ದ.

ಆ ಕಳ್ಳನ ಹೆಸರು ರೋಟಾವೈರಸ್. ಅವನನ್ನು ಹಿಡಿದ ಕತೆಯಲ್ಲಿ ಮೆಲ್ಬರ್ನ್ ಇದೆ, ದೆಹಲಿ ಇದೆ, ಬೆಂಗಳೂರೂ ಇದೆ. ಬೆಂಗಳೂರಿನ ಪಾಲನ್ನು ನಾವು ಕನ್ನಡಿಗರೇ ಹೆಚ್ಚು ಹೇಳಿಕೊಂಡಿಲ್ಲ. ಗೆದ್ದ ಲಸಿಕೆಗೆ ಸಿಕ್ಕ ಪ್ರಚಾರ ಸೋತ ಲಸಿಕೆಗೆ ಸಿಗುವುದಿಲ್ಲವಲ್ಲ. ಆದರೆ ಈ ಕತೆಯ ಸ್ವಾರಸ್ಯವಾದ ಸುಳಿವುಗಳೆಲ್ಲ ಸೋತದ್ದರ ಕಡೆಗೇ ಇವೆ.

ಮೊದಲು ಈ ವೈರಸ್ಸಿನ ಸ್ವಭಾವ. ಕಾಯಿಲೆ ಬಿದ್ದ ಮಗುವಿನ ಒಂದು ಗ್ರಾಂ ಮಲದಲ್ಲಿ ಇದರ ಕಣಗಳು ಸಾವಿರಾರು ಕೋಟಿ ಇರಬಲ್ಲವು. ಇನ್ನೊಂದು ಮಗುವಿಗೆ ಅಂಟಲು ಹತ್ತು-ನೂರು ಕಣಗಳು ಸಾಕು. ಅದು ಕೈಯ ಮೇಲೆ ಗಂಟೆಗಟ್ಟಲೆ, ಆಟಿಕೆ, ಚಾಪೆ, ಲೋಟದ ಅಂಚಿನ ಮೇಲೆ ದಿನಗಟ್ಟಲೆ ಬದುಕುತ್ತದೆ. ಭೇದಿ ಶುರುವಾಗುವುದಕ್ಕೆ ಮುಂಚೆಯೇ ಹೊರಬೀಳತೊಡಗುತ್ತದೆ, ಭೇದಿ ನಿಂತ ಮೇಲೂ ಕೆಲವು ದಿನ ಹೊರಬೀಳುತ್ತಿರುತ್ತದೆ. ಹತ್ತು ಕೂಸುಗಳನ್ನು ಒಂದು ಜಮಖಾನೆಯ ಮೇಲೆ ಕೂರಿಸಿದ ಯಾವ ಜಾಗವಾದರೂ, ಅಂಗನವಾಡಿಯಾಗಲಿ, ಶಿಶುವಿಹಾರವಾಗಲಿ, ಹೆರಿಗೆ ಆಸ್ಪತ್ರೆಯ ಶಿಶು ವಾರ್ಡಾಗಲಿ, ಇದಕ್ಕೆ ಹಬ್ಬ. ಬಡ ಊರು, ಸಿರಿವಂತ ಊರು ಎಂಬ ಭೇದವೂ ಇದಕ್ಕಿಲ್ಲ. ಲಸಿಕೆ ಬರುವ ಮುನ್ನ ಅಮೆರಿಕದ ಮಗುವೂ ಗದಗ ಜಿಲ್ಲೆಯ ಮಗುವೂ ಐದು ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಇದಕ್ಕೆ ಸಿಕ್ಕೇ ಸಿಗುತ್ತಿತ್ತು. ಅಲ್ಲಿನ ಮಗು ಆಸ್ಪತ್ರೆ ಸೇರಿ ಉಳಿಯುತ್ತಿತ್ತು, ಇಲ್ಲಿನ ಮಗುವಿಗೆ ಆಸ್ಪತ್ರೆ ದೂರವಿತ್ತು. ಭಾರತದಲ್ಲಿ ಲಸಿಕೆ ಹಂಚಿಕೆಗೆ ಮುಂಚೆ ವರ್ಷಕ್ಕೆ ಸುಮಾರು 78 ಸಾವಿರ ಮಕ್ಕಳು ಇದರಿಂದ ಸಾಯುತ್ತಿದ್ದರೆಂದು ತಜ್ಞರು ಅಂದಾಜಿಸಿದ್ದಾರೆ.

1973ರವರೆಗೆ ಮಕ್ಕಳಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎನ್ನುವುದು ಈಗ ಸೋಜಿಗವೆನಿಸುತ್ತದೆ. ಮಕ್ಕಳ ಭೇದಿಯಲ್ಲಿ ಬ್ಯಾಕ್ಟೀರಿಯಾ ಹುಡುಕಿದರೆ ಅರ್ಧಕ್ಕಿಂತ ಹೆಚ್ಚು ಸಲ ಏನೂ ಸಿಗುತ್ತಿರಲಿಲ್ಲ. ಮೆಲ್ಬರ್ನಿನ ಮಕ್ಕಳ ಆಸ್ಪತ್ರೆಯಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಕಾಯಿಲೆಯ ಮಕ್ಕಳ ಸಣ್ಣಕರುಳಿನ ಮೊದಲ ಭಾಗದಿಂದ ಚೂರು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಒಂಬತ್ತು ಮಕ್ಕಳಲ್ಲಿ ಆರು ಮಕ್ಕಳ ಕರುಳಿನ ಪದರದಲ್ಲಿ ದುಂಡನೆಯ ವೈರಸ್ ಕಣಗಳು ತುಂಬಿದ್ದವು. ಮರುವರ್ಷ ಇಂಗ್ಲೆಂಡಿನ ಥಾಮಸ್ ಫ್ಲೆವೆಟ್ ಅದರ ಚಕ್ರದಂಥ ಆಕಾರ ಕಂಡು ರೋಟಾ ಎಂಬ ಹೆಸರು ಸೂಚಿಸಿದ. ಇಷ್ಟು ಪಠ್ಯಪುಸ್ತಕಗಳಲ್ಲೂ ಸಿಗುತ್ತದೆ.

ಅಲ್ಲಿಂದ ಮುಂದಿನದು ನನಗೆ ಹೆಚ್ಚು ಇಷ್ಟದ ಭಾಗ. ವೈರಸ್ಸನ್ನು ಹುಡುಕುವುದು ಸುಲಭವಾದ ಮೇಲೆ ಸಂಶೋಧಕರು ಅದನ್ನು ಎಲ್ಲೆಡೆ ಹುಡುಕತೊಡಗಿದರು. ಆಗ ವಿಚಿತ್ರವೊಂದು ಕಂಡಿತು. ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿ ಎರಡು-ಮೂರು ದಿನವಾದ, ಚೆನ್ನಾಗಿ ಹಾಲು ಕುಡಿಯುತ್ತ ನಿದ್ದೆ ಮಾಡುತ್ತಿದ್ದ ಶಿಶುಗಳ ಮಲದಲ್ಲೂ ರೋಟಾವೈರಸ್ ಇತ್ತು! ಒಂದು ತೊಟ್ಟಿಲಿಂದ ಇನ್ನೊಂದು ತೊಟ್ಟಿಲಿಗೆ ದಾದಿಯರ ಕೈ ಹಾದು, ಸ್ನಾನದ ಬಟ್ಟಲು ಹಾದು ಅದು ವಾರ್ಡಿನಲ್ಲೇ ತಳವೂರಿತ್ತು. ಸೋಂಕು ಹರಡುವುದನ್ನು ತಡೆಯುವ ದೃಷ್ಟಿಯಿಂದ ನೋಡಿದರೆ ಇದು ಆಸ್ಪತ್ರೆಗೆ ನಾಚಿಕೆಯ ಸಂಗತಿ. ಆದರೆ ಬಹುತೇಕ ಕೂಸುಗಳಿಗೆ ಭೇದಿಯಿಲ್ಲ. ಬಿಷಪ್ ಅವರ ತಂಡ ಮೆಲ್ಬರ್ನಿನಲ್ಲಿ ಇಂಥ ಶಿಶುಗಳನ್ನು ಮನೆಗೆ ಹೋದ ಮೇಲೂ ಮೂರು ವರ್ಷ ಗಮನಿಸುತ್ತ ಹೋಯಿತು. 1983ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟಿದ ಹೊಸದರಲ್ಲೇ ಸೋಂಕು ತಗುಲಿದ ಮಕ್ಕಳಿಗೆ ಮುಂದೆಯೂ ರೋಟಾವೈರಸ್ ಅಂಟಿತು, ಆದರೆ ಅವರಲ್ಲಿ ಕಾಯಿಲೆ ಜೋರಾಗಲಿಲ್ಲ. ವಾರ್ಡಿನಲ್ಲಿ ಸದ್ದಿಲ್ಲದೆ ಹರಡುತ್ತಿದ್ದ ವೈರಸ್ಸೇ ಅವರಿಗೆ ಲಸಿಕೆಯ ಕೆಲಸ ಮಾಡಿತ್ತು.

ಇಂಥದ್ದು ಭಾರತದಲ್ಲೂ ಇದೆಯೇ? ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ವೈದ್ಯ ಎಂ.ಕೆ. ಭಾನ್ 1980ರ ದಶಕದ ನಡುವೆ ತಮ್ಮ ನವಜಾತ ಶಿಶುಗಳ ವಾರ್ಡಿನಲ್ಲಿ ಹರಡಿದ್ದ ಒಂದು ತಳಿಯನ್ನು ಹಿಡಿದರು. ಅದಕ್ಕೆ 116ಇ ಎಂಬ ಹೆಸರು ಬಂತು. ಅದೇ ದಶಕದ ಕೊನೆಗೆ, 1988ರಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ವಿಭಾಗದಲ್ಲಿ ಸಿ. ದುರ್ಗಾ ರಾವ್ ಮತ್ತು ಅವರ ವಿದ್ಯಾರ್ಥಿಗಳು ಮಕ್ಕಳ ವೈದ್ಯ ಪಿ.ಪಿ. ಮಯ್ಯ ಅವರಂಥವರ ಜತೆ ಸೇರಿ ನಗರದ ಆಸ್ಪತ್ರೆಗಳಿಂದ ಮಾದರಿಗಳನ್ನು ತರತೊಡಗಿದರು. ಭೇದಿಯ ಮಕ್ಕಳದ್ದನ್ನು ಯಾರಾದರೂ ತರುತ್ತಾರೆ. ಇವರು ಏನೂ ಆಗದ ಹಸುಗೂಸುಗಳದ್ದನ್ನೂ ತಂದರು. ಗಟ್ಟಿಮುಟ್ಟಾಗಿರುವ ಕೂಸಿನ ಕಕ್ಕವನ್ನು ಪ್ರಯೋಗಾಲಯಕ್ಕೆ ಹೊರುವುದು ಆಗ ಎಷ್ಟು ಜನರಿಗೆ ಅರ್ಥವಿಲ್ಲದ ಕೆಲಸವಾಗಿ ಕಂಡಿರಬೇಕು.

ರೋಟಾವೈರಸ್ಸಿನ ವಂಶವಾಹಿ ಒಂದೇ ಉದ್ದನೆಯ ಎಳೆಯಲ್ಲ, ಹನ್ನೊಂದು ಬೇರೆಬೇರೆ ತುಣುಕು. ಮಲದಿಂದ ಆ ಆರ್‌ಎನ್‌ಎ ತೆಗೆದು, ಜೆಲ್ಲಿನ ಹಾಳೆಯೊಂದರ ತುದಿಯಲ್ಲಿ ಹಾಕಿ ವಿದ್ಯುತ್ ಹರಿಸಿದರೆ ಸಣ್ಣ ತುಣುಕುಗಳು ದೂರ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಬೆಳ್ಳಿಯ ಲವಣದಿಂದ ಬಣ್ಣ ಹಚ್ಚಿದಾಗ ಹನ್ನೊಂದು ಕಪ್ಪು ಗೆರೆಗಳು ಮೂಡುತ್ತವೆ. ಆ ಗೆರೆಗಳ ಅಂತರವೇ ತಳಿಯ ಗುರುತು. ಕೆಳಗಿನ ಗೆರೆಗಳು ಎಷ್ಟು ದೂರ ಓಡಿವೆ ಎಂಬುದನ್ನು ನೋಡಿ ಉದ್ದ ಮಾದರಿ, ಗಿಡ್ಡ ಮಾದರಿ ಎಂದು ಎರಡು ಬಗೆ ಮಾಡುತ್ತಾರೆ. ಇದಲ್ಲದೆ ವೈರಸ್ಸಿನ ನಡುವಿನ ಕವಚದ ಪ್ರೋಟೀನನ್ನು ಆಧರಿಸಿ ಒಂದನೇ ಉಪಗುಂಪು, ಎರಡನೇ ಉಪಗುಂಪು ಎಂಬ ಇನ್ನೊಂದು ವಿಂಗಡಣೆಯಿದೆ. ಮನುಷ್ಯರಲ್ಲಿ ಸಾಮಾನ್ಯವಾಗಿ ಕಾಣುವ ಜೋಡಿ ಹೀಗೆ: ಉದ್ದ ಮಾದರಿಯಾದರೆ ಎರಡನೇ ಉಪಗುಂಪು, ಗಿಡ್ಡವಾದರೆ ಒಂದನೆಯದು.

ಬೆಂಗಳೂರಿನ ಹಸುಗೂಸುಗಳ ವೈರಸ್ ಈ ಕಟ್ಟಳೆ ಮುರಿದಿತ್ತು. ಗೆರೆಗಳು ಉದ್ದ ಮಾದರಿಯವು, ಉಪಗುಂಪು ಮಾತ್ರ ಒಂದನೆಯದು. ಇಂಥ ಜೋಡಣೆ ಸಿಗುವುದು ಪ್ರಾಣಿಗಳ ರೋಟಾವೈರಸ್ಸುಗಳಲ್ಲಿ. 1992ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳೇ ಇದು: ಈ ವಿಚಿತ್ರ ತಳಿ ಸಿಕ್ಕಿದ್ದು ನವಜಾತ ಶಿಶುಗಳಲ್ಲಿ ಮಾತ್ರ, ಅದೂ ಕಾಯಿಲೆ ಲಕ್ಷಣವಿಲ್ಲದವರಲ್ಲಿ. ಪ್ರತಿನಿಧಿಯಾಗಿ ಆರಿಸಿಕೊಂಡ ಮಾದರಿಗೆ ಐ321 ಎಂದು ಹೆಸರಿಟ್ಟರು. ಮರುವರ್ಷ ಅದರ ವಂಶವಾಹಿಗಳ ಅಕ್ಷರಗಳನ್ನು ಓದಿ ನೋಡಿದಾಗ ಅನುಮಾನ ನಿಜವಾಯಿತು. ವೈರಸ್ಸಿನ ಹೊರಮೈಯ ಎರಡೂ ಪ್ರೋಟೀನುಗಳು ದನದ ರೋಟಾವೈರಸ್ಸಿನ ಪ್ರೋಟೀನುಗಳನ್ನು ಹೆಚ್ಚುಕಡಿಮೆ ಹಾಗೆಯೇ ಹೋಲುತ್ತಿದ್ದವು. ಹನ್ನೊಂದು ತುಣುಕುಗಳಲ್ಲಿ ಒಂಬತ್ತು ದನದ ಕಡೆಯವು, ಎರಡು ಮಾತ್ರ ಮನುಷ್ಯರ ವೈರಸ್ಸಿನವು. ಒಂದೇ ಜೀವಕೋಶದೊಳಕ್ಕೆ ಎರಡು ಬಗೆಯ ರೋಟಾವೈರಸ್ ಹೊಕ್ಕರೆ, ಎರಡು ಇಸ್ಪೀಟು ಕಟ್ಟು ಕಲಸಿ ಹಂಚಿದ ಹಾಗೆ, ತುಣುಕುಗಳು ಅದಲುಬದಲಾಗಿ ಹೊಸ ತಳಿ ಹುಟ್ಟಬಹುದು. ಮನೆಯ ಹಿತ್ತಲಲ್ಲೇ ದನ ಕಟ್ಟುವ ನಮ್ಮ ನಾಡಿನಲ್ಲಿ ಈ ಕಲಸುವಿಕೆಗೆ ಎಡೆ ಧಾರಾಳವಾಗಿದೆ.

ದೆಹಲಿಯ 116ಇ ಕೂಡ ಬೆರಕೆಯೇ. ಅದರಲ್ಲಿ ಹೆಚ್ಚಿನದೆಲ್ಲ ಮನುಷ್ಯರ ವೈರಸ್ಸಿನದು, ಕರುಳಿನ ಜೀವಕೋಶಕ್ಕೆ ಅಂಟಿಕೊಳ್ಳುವ ಮುಳ್ಳಿನಂಥ ಪ್ರೋಟೀನ್ ಒಂದು ಮಾತ್ರ ದನದ್ದು. ಸಾವಿರ ಮೈಲಿ ದೂರದ ಎರಡು ನಗರಗಳಲ್ಲಿ, ಎರಡು ಬೇರೆ ತಳಿಗಳು, ಎರಡೂ ಹಸುಗೂಸುಗಳ ವಾರ್ಡಿನಲ್ಲಿ ನೆಲೆ ನಿಂತವು, ಎರಡೂ ಕಾಯಿಲೆ ತರದವು, ಎರಡಕ್ಕೂ ಅದೇ ದನದ ಮುಳ್ಳು. ಪತ್ತೇದಾರಿ ಕಾದಂಬರಿಯಲ್ಲಿ ಬಂದಿದ್ದರೆ ಲೇಖಕ ಅತಿ ಮಾಡಿದ ಎನ್ನುತ್ತಿದ್ದೆವು. (ಸಿಡುಬಿನ ಲಸಿಕೆಯೂ ದನದ ಕಡೆಯಿಂದಲೇ ಬಂದದ್ದು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರವನ್ನು, ಆ ಲಸಿಕೆಗೆ ಅರಮನೆಯೇ ಸಾರಿದ ಪ್ರಚಾರವೆಂದು ಇತಿಹಾಸಕಾರರು ಓದಿದ್ದಾರೆ. ಕನ್ನಡ ನಾಡಿಗೂ ದನದಿಂದ ಬಂದ ಲಸಿಕೆಗೂ ನಂಟು ಹಳೆಯದು.)

ದೆಹಲಿಯಲ್ಲಿ ಭಾನ್ ಅವರ ತಂಡ ಹುಟ್ಟಿನಲ್ಲೇ 116ಇ ಸೋಂಕಿದ್ದ ಮಕ್ಕಳನ್ನೂ ಇಲ್ಲದವರನ್ನೂ ಹೋಲಿಸಿತು. ಸೋಂಕಿದ್ದವರಿಗೆ ಮುಂದೆ ರೋಟಾವೈರಸ್ ಭೇದಿ ಬಂದದ್ದು ಸುಮಾರು ಅರ್ಧದಷ್ಟೇ. ಬೆಂಗಳೂರಿನಲ್ಲಿ ದುರ್ಗಾ ರಾವ್ ಅವರ ತಂಡ ಹನ್ನೊಂದು ವರ್ಷ ನಗರದ ಲೆಕ್ಕ ಇಟ್ಟಿತು. 1988ರಿಂದ 1999ರವರೆಗೆ ಆಸ್ಪತ್ರೆಗೆ ಸೇರುವ ರೋಟಾವೈರಸ್ ಭೇದಿಯ ಮಕ್ಕಳ ಪ್ರಮಾಣ ಇಳಿಯುತ್ತ ಬಂದಿತ್ತು. ಇದರಲ್ಲಿ ಹಸುಗೂಸುಗಳಿಗೆ ತಾನಾಗಿ ಅಂಟುತ್ತಿದ್ದ ಐ321ರ ಪಾಲಿರಬಹುದೇ ಎಂದು 2004ರ ಪ್ರಬಂಧದಲ್ಲಿ ಕೇಳಿದರು. ‘ಇರಬಹುದು’ ಎಂದಷ್ಟೇ ಬರೆದರು, ‘ಇದೆ’ ಎನ್ನಲಿಲ್ಲ. ಹನ್ನೊಂದು ವರ್ಷ ದುಡಿದ ಮೇಲೂ ಅಷ್ಟು ಬಿಗಿ ಹಿಡಿದು ಬರೆದದ್ದಕ್ಕೆ ನನ್ನ ನಮಸ್ಕಾರ.

ಸಾಮಾನ್ಯವಾಗಿ ಜೀವಂತ ವೈರಸ್ಸಿನ ಲಸಿಕೆ ಮಾಡಲು ಅದನ್ನು ಪ್ರಯೋಗಾಲಯದಲ್ಲಿ ಸಾಕಿ ಸಾಕಿ ಅದರ ಬಲ ಕುಂದಿಸಬೇಕು. ಇಲ್ಲಿ ಪ್ರಕೃತಿಯೇ ಬಲ ಕುಂದಿಸಿ ತೊಟ್ಟಿಲ ಹತ್ತಿರ ಇಟ್ಟಿತ್ತು. ಭಾರತ-ಅಮೆರಿಕ ಲಸಿಕಾ ಸಹಕಾರದಡಿ ಎರಡೂ ತಳಿಗಳನ್ನು ಮುಂದಕ್ಕೆ ಒಯ್ದರು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಕೆಗೆ ಕೈಹಾಕಿತು. ಈ ನಡುವೆ ಅಮೆರಿಕದಲ್ಲಿ ಆಘಾತವೊಂದು ಆಯಿತು. 1998ರಲ್ಲಿ ಅಲ್ಲಿ ಬಂದ ಮೊದಲ ರೋಟಾವೈರಸ್ ಲಸಿಕೆ ರೋಟಾಶೀಲ್ಡ್, ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಕರುಳು ಕರುಳಿನೊಳಗೇ ಸಿಕ್ಕಿಕೊಳ್ಳುವಂತೆ ಮಾಡುತ್ತದೆಂದು ಗೊತ್ತಾಗಿ 1999ರಲ್ಲಿ ಹಿಂದಕ್ಕೆ ಹೋಯಿತು. ಅಂದಿನಿಂದ ಯಾವುದೇ ರೋಟಾವೈರಸ್ ಲಸಿಕೆಯಾದರೂ ಸಾವಿರಾರು ಮಕ್ಕಳಲ್ಲಿ ಸುರಕ್ಷೆ ತೋರಿಸಬೇಕಾಯಿತು. ನಮ್ಮ ಲಸಿಕೆಗೆ ವರ್ಷಗಳು ಹಿಡಿದವು.

ಎರಡು ತಳಿಗಳ ದಾರಿ ಕವಲೊಡೆದದ್ದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ. ಎಂಟು ವಾರದ ತೊಂಬತ್ತು ಕೂಸುಗಳಿಗೆ 116ಇ, ಐ321 ಅಥವಾ ಔಷಧವಿಲ್ಲದ ದ್ರಾವಣ ಕುಡಿಸಿದರು. ರಕ್ತದಲ್ಲಿ ರಕ್ಷಣೆಯ ಗುರುತು ಮೂಡಿದ್ದು 116ಇ ಪಡೆದ ಶೇ. 73ರಷ್ಟು ಮಕ್ಕಳಲ್ಲಿ, ಐ321 ಪಡೆದ ಶೇ. 39ರಷ್ಟು ಮಕ್ಕಳಲ್ಲಿ. ಬೆಂಗಳೂರಿನ ತಳಿ ಅಲ್ಲಿಗೇ ನಿಂತಿತು.

ಯಾಕೆ ನಿಂತಿತು? ಉತ್ತರ ತಡವಾಗಿ ಬಂತು, ವೆಲ್ಲೂರಿನ ದಾರಿಯಲ್ಲಿ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಗಗನ್‌ದೀಪ್ ಕಾಂಗ್ ಅವರ ತಂಡಕ್ಕೆ ಹೆರಿಗೆ ವಾರ್ಡಿನಲ್ಲಿ ಐ321ರ ಹತ್ತಿರದ ನೆಂಟನಂಥ ತಳಿ ಸಿಕ್ಕಿತು. ಅಲ್ಲಿ ಅದು ಕೆಲವು ಕೂಸುಗಳಿಗೆ ಹೊಟ್ಟೆಯ ತೊಂದರೆ ಕೊಟ್ಟಿತು. ಅದಕ್ಕಿಂತ ಮುಖ್ಯವಾಗಿ, 2007ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಹುಟ್ಟಿದಾಗ ಆ ಸೋಂಕು ತಗುಲಿದವರಿಗೆ ಮುಂದೆ ರಕ್ಷಣೆ ಸಿಗಲಿಲ್ಲ. ಬೆಂಗಳೂರಿನ ಊಹೆಗೆ ಇದು ಎದುರು ಸಾಕ್ಷಿ. 2013ರಲ್ಲಿ ಒಳಗುಟ್ಟು ಒಂದು ಬಯಲಾಯಿತು. ಈ ತಳಿಯ ಆ ದನದ ಮುಳ್ಳು ಹಿಡಿದುಕೊಳ್ಳುವುದು ಕರುಳಿನ ಜೀವಕೋಶದ ಮೇಲಿನ ಒಂದು ಸಕ್ಕರೆ ಸರಪಳಿಯನ್ನು, ಅದೂ ಆ ಸರಪಳಿ ಇನ್ನೂ ಪೂರ್ತಿ ಬೆಳೆಯದ ಸ್ಥಿತಿಯಲ್ಲಿದ್ದಾಗ. ಹಸುಗೂಸಿನ ಕರುಳಿನಲ್ಲಿ ಅಂಥ ಅರೆಬೆಳೆದ ಸರಪಳಿಗಳು ಹೆಚ್ಚು. ಕೂಸು ಬೆಳೆದಂತೆ ಅದಕ್ಕೆ ಇನ್ನಷ್ಟು ಸಕ್ಕರೆಗಳು ಸೇರಿ ವೈರಸ್ಸಿಗೆ ಹಿಡಿ ಸಿಗುವುದಿಲ್ಲ. ಹೆರಿಗೆ ವಾರ್ಡಿನಲ್ಲೇ ಅದು ಹೆಚ್ಚಾಗಿ ನೆಲೆ ನಿಂತದ್ದಕ್ಕೆ ಇದೇ ಕಾರಣವಿರಬೇಕು. ಎಂಟು ವಾರಕ್ಕೆ ಕೊಟ್ಟ ಐ321 ಸರಿಯಾಗಿ ಹತ್ತದಿರುವುದಕ್ಕೂ ಇದೇ ಕಾರಣವಿರಬಹುದೆಂದು ನನಗೆ ತೋರುತ್ತದೆ. ಆದರೆ ಅದೇ ಮುಳ್ಳಿರುವ 116ಇ ಹೇಗೆ ಹತ್ತಿತು ಎಂದು ಕೇಳಿದರೆ ಈ ವಾದ ಅರ್ಧಕ್ಕೇ ನಿಲ್ಲುತ್ತದೆ. ಉಳಿದ ಹತ್ತು ತುಣುಕುಗಳು ಮನುಷ್ಯರವಾಗಿರುವುದು ಅದಕ್ಕೆ ನೆರವಾಗಿರಬೇಕು.

116ಇ ಮುಂದೆ ರೋಟಾವ್ಯಾಕ್ ಆಯಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಕೂಸುಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2013ರ ಮೇ ತಿಂಗಳಲ್ಲಿ ಹೊರಬಂತು: ಮೊದಲ ವರ್ಷದಲ್ಲಿ ತೀವ್ರ ರೋಟಾವೈರಸ್ ಭೇದಿಯಿಂದ ಶೇ. 56ರಷ್ಟು ರಕ್ಷಣೆ. ಸಿರಿವಂತ ದೇಶಗಳಲ್ಲಿ ಇಂಥ ಲಸಿಕೆಗಳು ಇದಕ್ಕಿಂತ ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ಬಡ ನಾಡುಗಳ ಮಕ್ಕಳ ಕರುಳಿನಲ್ಲಿ ಬಾಯಿಂದ ಕೊಡುವ ಲಸಿಕೆಗಳೆಲ್ಲ ತುಸು ಮಂಕಾಗುತ್ತವೆ. ಆದರೂ ಎಪ್ಪತ್ತೆಂಟು ಸಾವಿರದಲ್ಲಿ ಅರ್ಧ ಎಂದರೆ ಎಷ್ಟು ಮನೆಗಳು ಎಂದು ಲೆಕ್ಕ ಹಾಕಬಹುದು. ಒಂದು ಡೋಸಿಗೆ ಒಂದು ಡಾಲರು ಎಂಬ ಬೆಲೆಯ ಮಾತು ಮೊದಲೇ ಆಗಿತ್ತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮದೊಳಗೆ ರೋಟಾವೈರಸ್ ಲಸಿಕೆ ಸೇರಿತು, 2019ರ ಹೊತ್ತಿಗೆ ದೇಶವಿಡೀ ಹಬ್ಬಿತು. ಈಗ ಆರು, ಹತ್ತು, ಹದಿನಾಲ್ಕನೇ ವಾರ ಮೂರು ಸಲ ಬಾಯಿಗೆ ಲಸಿಕೆ.

ಇನ್ನು ಜಕ್ಕಲಿಗೆ ಬರೋಣ. ಕರ್ನಾಟಕದ ಏಕೀಕರಣಕ್ಕೆ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು ಎಂದು ಹೊರಗಿನವರಿಗೆ ಗೊತ್ತು. ಊರವರಿಗೆ ಗೊತ್ತಿರುವುದು ಎರೆಹೊಲ, ಕೈಕೊಡುವ ಮಳೆ, ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ಸರದಿ. ಮಕ್ಕಳ ತಾಣಗಳಲ್ಲಿ ರೋಗ ತಡೆಯಲು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಿರಿ ಎನ್ನುವ ಭಿತ್ತಿಪತ್ರ ಇಂಥ ಊರಿಗೆ ಬಂದಾಗ ನೀರಿನ ಲೆಕ್ಕವನ್ನು ಅಂಗನವಾಡಿ ಕಾರ್ಯಕರ್ತೆಯೇ ಹಾಕಬೇಕು. ಕೈ ತೊಳೆಯುವುದು ಕೆಲಸಕ್ಕೆ ಬಾರದ್ದೆಂದು ಅರ್ಥವಲ್ಲ. ಶಿಶುಪಾಲನಾ ಕೇಂದ್ರ, ಶಾಲೆಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಪರಿಶೀಲನೆಯ ಪ್ರಕಾರ ಕೈ ತೊಳೆಸುವ ರೂಢಿ ತಂದಲ್ಲಿ ಭೇದಿಯ ಪ್ರಕರಣಗಳು ಮೂರನೇ ಒಂದರಷ್ಟು ಕಡಿಮೆಯಾಗುತ್ತವೆ. ಅದು ಎಲ್ಲ ಬಗೆಯ ಭೇದಿಗಳ ಲೆಕ್ಕ, ಹೆಚ್ಚಿನವು ಅನುಕೂಲಸ್ಥ ದೇಶಗಳ ಅಧ್ಯಯನಗಳು. ಹತ್ತು ಕಣಕ್ಕೇ ಅಂಟುವ ರೋಟಾವೈರಸ್ ಮಾತ್ರ ಎಷ್ಟೇ ಸೋಪು ಬಳಸಿದ ದೇಶದಲ್ಲೂ ಸೋಪಿಗೆ ಬಗ್ಗಿರಲಿಲ್ಲ. ಭೇದಿಯಾದ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂಬ ನಿಯಮವೂ ಅಷ್ಟೇ: ಭೇದಿ ಶುರುವಾಗುವ ಮುಂಚೆಯೇ ವೈರಸ್ ಹೊರಬಿದ್ದಿರುತ್ತದೆ. ಮಗುವನ್ನು ಮನೆಯಲ್ಲಿಟ್ಟುಕೊಂಡ ತಾಯಿಗೆ ಆ ದಿನದ ಕೂಲಿಯೂ ಹೋಗುತ್ತದೆ.

ಇಲ್ಲೊಂದು ಬದಲಾವಣೆಯನ್ನು ಗಮನಿಸಬೇಕು. ಅಂಗನವಾಡಿಯ ಕೋಣೆಯಲ್ಲಿ ದಿನವಿಡೀ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ರೋಟಾವೈರಸ್ಸಿನ ಅಪಾಯದ ವಯಸ್ಸನ್ನು ಅವರು ದಾಟಿರುತ್ತಾರೆ. ಆದರೆ 2023-24ರ ರಾಜ್ಯ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯತಿಗಳಿಗೆಂದು ಘೋಷಿಸಿದ ಕೂಸಿನ ಮನೆಗಳು ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ. ವೈರಸ್ಸಿಗೆ ಬೇಕಾದ ವಯಸ್ಸಿನ ಕೂಸುಗಳು ಹಳ್ಳಿಗಳಲ್ಲಿ ಹೀಗೆ ಒಂದೇ ಕೋಣೆಯಲ್ಲಿ, ಒಂದೇ ಚಾಪೆಯ ಮೇಲೆ ಸೇರುತ್ತಿದ್ದಾರೆ. ಕೂಸಿನ ಮನೆಯ ಆಯಾ ಬಟ್ಟೆ ಬದಲಿಸಿದ ಕೈಯಿಂದಲೇ ಊಟ ತಿನ್ನಿಸದಿರುವುದು, ಕಕ್ಕ ಬಿದ್ದ ಜಾಗವನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಒರೆಸುವುದು, ಲೋಟ ಹಂಚಿಕೊಳ್ಳದಂತೆ ನೋಡಿಕೊಳ್ಳುವುದು, ಓಆರ್‌ಎಸ್ ಪೊಟ್ಟಣ, ಹದಿನಾಲ್ಕು ದಿನದ ಜಿಂಕ್ ಮಾತ್ರೆ ಕೈಗೆ ಸಿಗುವಂತೆ ಇಡುವುದು, ಇವೆಲ್ಲ ಬೇಕು. ಆದರೆ ಹೊಸ ಕೂಸು ಬಂದ ದಿನ ಎಲ್ಲಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಅರ್ಧ ನಿಮಿಷದ್ದು: ತಾಯಿ ಕಾರ್ಡು ಬಿಡಿಸಿ ಮೂರು ಡೋಸಿನ ತಾರೀಖು ಬಿದ್ದಿವೆಯೇ ನೋಡುವುದು. ದುಡಿಯಲು ಗುಳೆ ಹೋದ ಮನೆಯ ಕೂಸಾದರೆ ಆ ಸಾಲು ಖಾಲಿ ಇರಬಹುದು. ಆಗಲೂ ಹೊತ್ತು ಮೀರಿರುವುದಿಲ್ಲ. ಒಂದು ವರ್ಷ ತುಂಬುವುದರೊಳಗೆ ಮೊದಲ ಡೋಸ್ ಹಾಕಿಸಿದರೆ ಉಳಿದೆರಡನ್ನು ನಾಲ್ಕು ನಾಲ್ಕು ವಾರ ಬಿಟ್ಟು ಕೊಡಿಸಬಹುದು. ವರ್ಷ ದಾಟಿದ ಮೇಲೆ ಶುರು ಮಾಡುವುದಿಲ್ಲ. ಹಾಗಾಗಿ ‘ಹಲ್ಲು ಬರಾಕತ್ತಾವು’ ಎನ್ನುವ ಕೂಸು ಕೂಸಿನ ಮನೆಗೆ ಬಂದಾಗ ಆಶಾ ಕಾರ್ಯಕರ್ತೆಗೆ ಫೋನು ಮಾಡಲು ಇನ್ನೂ ಕೆಲವು ತಿಂಗಳು ಕೈಯಲ್ಲಿರುತ್ತವೆ.